ಎರಡು ಬೆರಳು ಓರೆ

ಕಕ್ಕಡದ ಹನ್ನೊಂದನೇ ದಿನ. ಸೋಲಾರ್ ಹಲಗೆಗೆ ರಜೆ.
ಗುಡ್ಡದ ನೆತ್ತಿಯ ಮಳೆಮಾಪಕಕ್ಕೆ ಈಗ
ಅನ್ನ ಹಾಕುವುದು ಇದೊಂದೇ:
ಟ್ರಂಕಿನಷ್ಟು ಬೂದು ಪೆಟ್ಟಿಗೆ,
ಮೆಥನಾಲ್ ಕುಡಿದು ಕರೆಂಟು ಕೊಡುವ ಫ್ಯುಯೆಲ್ ಸೆಲ್ಲು.
ಕಾಲು ಗಂಟೆಗೊಮ್ಮೆ ಭಾಗಮಂಡಲಕ್ಕೆ ಹೇಳಬೇಕು
ಎಷ್ಟು ಬಿತ್ತು, ಈಗೆಷ್ಟು ಬಿತ್ತು ಎಂದು.
ನಿನ್ನೆ ರಾತ್ರಿ ಎರಡಕ್ಕೆ ಸುಮ್ಮನಾಯಿತು.

ಗಮ್‌ಬೂಟು ಕಳಚಿ, ಜಿಗಣೆಗೆ ಉಪ್ಪು ಹಚ್ಚಿ,
ಮೀಟರಿನ ಮುಳ್ಳು ಚುಚ್ಚಿದೆ ಪದರದಿಂದ ಪದರಕ್ಕೆ.
ಆರರ ತನಕ ಸರಿ. ಏಳನೆಯದು ಅರೆಜೀವ.
ಎಂಟನೆಯದು ಸೊನ್ನೆಯ ಹತ್ತಿರ.

ಸೂರು ಸೋರಿರಬೇಕು ರುಕಿಯಕ್ಕ, ಎಂದ ವಾಚರ್ ಚೋಮಣಿ,
ಟಾರ್ಪಾಲು ತರಲಾ?
ಬೆರಳಾಡಿಸಿದೆ ಮುಚ್ಚಳದ ಅಂಚಿಗೆಲ್ಲ. ಒಣಒಣ.
ಇದು ಮೇಲಿಂದ ಬಿದ್ದದ್ದಲ್ಲ, ಚೋಮಣಿ,
ಉಸಿರಾಡಿದ್ದಕ್ಕೆ ಹುಟ್ಟಿದ್ದು.
ಗಾಳಿ ಎಳೆದುಕೊಳ್ಳುವ ಕಡೆ, ಕರಿ ಕಾಗದದ ಮಗ್ಗುಲಲ್ಲಿ
ಸಾಸಿವೆಯಂಥ ಹನಿ. ಹನಿಗೆ ಹನಿ ಅಂಟಿ
ಕೂದಲೆಳೆ ಕಾಲುವೆಗೆ ಬಿರಡೆ.
ಬಂದ ಗಾಳಿ ಬಾಗಿಲಲ್ಲೇ ನಿಂತು ವಾಪಸ್ಸು.

ಹೊರಗೆ ಒಂದು ಹಗಲಿಗೆ ಇನ್ನೂರ ಮೂವತ್ತು ಮಿಲಿಮೀಟರ್.
ಅಷ್ಟನ್ನೂ ಎಣಿಸಿ ಕಳಿಸಿದ್ದು
ತನ್ನದೇ ಒಂದು ಚಮಚಕ್ಕೆ ಸೋತಿತ್ತು.

ಒಣಗಿಸಿದರಾಯಿತಲ್ಲ?
ಹೋದ ವರ್ಷ ಕಂಪನಿಯ ಹುಡುಗ ಒಣಗಿಸಿದ್ದ,
ಹೀಟರ್ ಹಚ್ಚಿ, ಬೆಳಗಿನಿಂದ ಸಂಜೆ.
ಚೆನ್ನಾಗಿಯೇ ಒಣಗಿತು. ಪೊರೆ ಹಪ್ಪಳವಾಯಿತು.
ಪೊರೆಗೆ ತೇವ ಬೇಕು,
ತೇವವಿಲ್ಲದೆ ಪ್ರೋಟಾನು ಆಚೆ ದಡ ಸೇರದು;
ದೋಣಿ ಹೋಗಲು ಹೊಳೆಯಾದರೂ ಇರಬೇಕಲ್ಲ.
ಬೇಕು, ಆದರೆ ಇಷ್ಟೇ ಬೇಕು.
ಈ ಇಷ್ಟೇ ಎಂಬುದು ಎಷ್ಟೆಂದು ಕೈಪಿಡಿಯಲ್ಲಿಲ್ಲ.
ಪುಟ ಮೂವತ್ತೊಂದು: ಯಂತ್ರವನ್ನು ಸಮತಟ್ಟಾಗಿ ಇರಿಸಿ.

ಚೋಮಣಿ ನಕ್ಕ.
ಅವನ ಅಪ್ಪ ಬೈನೆ ಮರ ಹತ್ತಿದವನು.
ಗೊನೆಯನ್ನು ಬಗ್ಗಿಸದೆ ಕಳ್ಳು ಇಳಿಸಿದವರುಂಟಾ ಅಕ್ಕ?
ಹನಿಗೆ ದಾರಿ ತೋರಿಸಬೇಕು, ದೂಡಬಾರದು.
ಮತ್ತೆ ದಿನಾ ತುದಿಯಲ್ಲಿ ಎಲೆಯಷ್ಟು ತೆಳ್ಳಗೆ ಕೊಯ್ಯಬೇಕು,
ಬಿಟ್ಟರೆ ಬಾಯಿ ಕಟ್ಟುತ್ತದೆ.

ಬಾಯಿ ಕಟ್ಟುತ್ತದೆ.
ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಹಿಂದಿನ ಕಾಲುಗಳಿಗೆ ಸಿಲ್ವರ್ ಮರದ ತುಂಡು,
ಎರಡು ಬೆರಳು ಎತ್ತರ.
ತಗ್ಗಾದ ಮೂಲೆಗೆ ಲಾಟೀನಿನ ಬತ್ತಿ, ಹೊಸದು.
ಫ್ಯಾನಿಗೆ ಹೊಸ ಪಾಠ: ನಲವತ್ತು ನಿಮಿಷಕ್ಕೊಮ್ಮೆ
ಐದು ಸೆಕೆಂಡು ಜೋರಾಗಿ ಕೆಮ್ಮು, ಮತ್ತೆ ತೆಪ್ಪಗಿರು.
ಬತ್ತಿ ಇಳಿಸಿದ್ದನ್ನು ಚೆಲ್ಲಲಿಲ್ಲ.
ಬರೀ ಮೆಥನಾಲ್ ಅದಕ್ಕೂ ಖಾರ,
ನೀರು ಬೆರೆಸಿಯೇ ಕುಡಿಸಬೇಕು.
ಸಣ್ಣ ಕೊಳವೆಯಲ್ಲಿ ಮರಳಿ ತೊಟ್ಟಿಗೆ ಬಿಟ್ಟೆ.

(ಕ್ಯಾನಿನ ಮೇಲೆ ನನ್ನದೇ ಕೆಂಪಕ್ಷರ:
ವಿಷ. ಕಣ್ಣು ಹೋಗುತ್ತದೆ. ಇದು ಆ ಸರಕಲ್ಲ.
ನಮ್ಮ ಜಿಲ್ಲೆಯಲ್ಲಿ ಇಷ್ಟು ಬಿಡಿಸಿ ಬರೆಯದೆ ಆಗದು.)

ಕಾದೆವು. ಫ್ಲಾಸ್ಕಿನ ಕಾಫಿ ಆರಿತು.
ಒಮ್ಮೆಲೇ ಪೆಟ್ಟಿಗೆ ಕೆಮ್ಮಿತು,
ಚೋಮಣಿ ಬೆಚ್ಚಿ ಕೋವಿಗೆ ಕೈ ಹಾಕಿದ.
ಬತ್ತಿಯ ತುದಿಯಲ್ಲಿ ಒಂದು ಹನಿ ದಪ್ಪವಾಯಿತು,
ಯೋಚಿಸಿತು,
ಬಿತ್ತು.

ನಾಲ್ಕೂ ಹದಿನೈದಕ್ಕೆ ವೈರ್‌ಲೆಸ್ಸಿನಲ್ಲಿ ಭಾಗಮಂಡಲ:
ಸಿಕ್ಕಿತು, ಹದಿನೆಂಟು ಮಿಲಿಮೀಟರ್, ಸರಿಯಾ?
ಸರಿ ಎಂದೆ.

ಲಾಗ್ ಪುಸ್ತಕದ ತೊಯ್ದ ಹಾಳೆಯಲ್ಲಿ ಪೆನ್ನು ಓಡಲಿಲ್ಲ, ಪೆನ್ಸಿಲಿನಲ್ಲಿ ಬರೆದೆ:
ಏಳನೆಯದು ಎದ್ದಿದೆ. ಎಂಟನೆಯದು ಇನ್ನೂ ಮಂಕು.
ಶುಕ್ರವಾರ ನಮಾಜು ಮುಗಿಸಿ ಬರುತ್ತೇನೆ.
ಪೆಟ್ಟಿಗೆ ಓರೆಯಾಗಿದೆ. ಬೇಕೆಂದೇ.
ದಯವಿಟ್ಟು ಯಾರೂ ನೆಟ್ಟಗೆ ಮಾಡಬೇಡಿ.
ಸಹಿ, ರುಕಿಯಾ, ನಾಪೋಕ್ಲು.